ಕರೆ ಬಾರದ ರಾತ್ರಿಗಳು

ಉಡುಪಿಯಲ್ಲಿ ನನ್ನ ಬಳಿಗೆ ಆಪ್ತಸಲಹೆಗೆ ಬರುವ ಆಸ್ಪತ್ರೆ ಸಿಬ್ಬಂದಿಯಲ್ಲಿ ಅನೇಕರ ದೂರು ಒಂದೇ: ಕೆಲಸಕ್ಕೆ ಕರೆಯದ ರಾತ್ರಿಯೂ ನಿದ್ದೆ ಬರುವುದಿಲ್ಲ. ಈ ಪ್ರಕರಣವೂ ಹಾಗೆಯೇ ಆರಂಭವಾಯಿತು. ಆದರೆ ಮೂರನೆಯ ಭೇಟಿಯಲ್ಲಿ ಕೇಳಿದ ಮಾತೊಂದು ಬಹಳ ದಿನ ನನ್ನನ್ನು ಬಿಡದೆ ಕಾಡಿದ್ದರಿಂದ, ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರು ಮೂವತ್ತೈದರ ಆಸುಪಾಸಿನ ಕ್ಯಾಥ್ ಲ್ಯಾಬ್ (ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ಕೊಡುವ ಕೊಠಡಿ) ತಂತ್ರಜ್ಞರು. ತೀವ್ರ ಹೃದಯಾಘಾತವಾದವರು ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷಗಳೊಳಗೆ ಮುಚ್ಚಿದ ರಕ್ತನಾಳ ತೆರೆದುಕೊಳ್ಳಬೇಕೆಂಬುದು ವೈದ್ಯಕೀಯ ಮಾರ್ಗಸೂಚಿಯಾದ್ದರಿಂದ, ಕರೆ ಬಂದರೆ ಅರ್ಧ ಗಂಟೆಯಲ್ಲಿ ಇವರು ಯಂತ್ರದ ಮುಂದೆ ಇರಬೇಕು. ಇರುವುದು ಇಬ್ಬರೇ; ದಿನ ಬಿಟ್ಟು ದಿನ, ಕರೆದರೆ ಓಡಲು ಸಿದ್ಧವಿರಬೇಕಾದ ಆನ್‌ಕಾಲ್. ಮಲಗುವುದು ಮನೆಯಲ್ಲೇ ಆದ್ದರಿಂದ ಮನೆಯವರ ಲೆಕ್ಕದಲ್ಲಿ ಅದು ರಜೆಗೆ ಸಮ. ತಂದೆ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವರು. "ಅಪ್ಪ ಆರು ತಿಂಗಳು ರಾತ್ರಿಯಿಡೀ ಕೂತು ದುಡಿದ್ರು, ನಿನಗೆ ಹಾಸಿಗೆಯಲ್ಲಿ ಮಲಗಿದ್ರೂ ಸುಸ್ತಾ?" ಎಂದು ತಾಯಿ ಕೇಳಿದ ಪ್ರಶ್ನೆ ಅವರಲ್ಲಿ ಮುಳ್ಳಿನಂತೆ ಉಳಿದಿತ್ತು.

ಅವರು ಬಂದದ್ದು ನಿದ್ದೆ ಮಾತ್ರೆಯ ಹೆಸರು ಕೇಳಲು. ಅದು ವೈದ್ಯರು ಹೇಳಬೇಕಾದದ್ದು ಎಂದು ತಿಳಿಸಿ, ಹದಿನಾಲ್ಕು ದಿನ ಮಲಗಿದ, ಎದ್ದ, ಫೋನು ನೋಡಿದ ಸಮಯವನ್ನು ಬರೆದಿಡಲು ಹೇಳಿ ಕಳುಹಿಸಿದೆ.

ಮೂರನೆಯ ಭೇಟಿಗೆ ಅವರು ತಂದ ಪುಸ್ತಕದಲ್ಲಿ ನಾನು ನಿರೀಕ್ಷಿಸದ ಸಂಗತಿಯೊಂದಿತ್ತು. ಏಳು ಆನ್‌ಕಾಲ್ ರಾತ್ರಿಗಳ ಪೈಕಿ ಮೂರರಲ್ಲಿ ಕರೆ ಬಂದಿತ್ತು, ನಾಲ್ಕರಲ್ಲಿ ಬಂದಿರಲಿಲ್ಲ. ಕರೆ ಬಂದ ರಾತ್ರಿಗಳಲ್ಲಿ ಮೂರು ಗಂಟೆಗೆ ಮನೆಗೆ ಮರಳಿ, ಏಳರವರೆಗೆ ಮಗ್ಗುಲು ಬದಲಿಸದೆ ಮಲಗಿದ್ದರು. ಕರೆ ಬಾರದ ರಾತ್ರಿಗಳಲ್ಲಿ ಐದಾರು ಬಾರಿ ಎದ್ದು, ಬಾರದ ರಿಂಗಣವನ್ನು ಕೇಳಿದಂತಾಗಿ ಫೋನು ನೋಡಿದ್ದರು. ಇದು ಏಕೆ ಎಂದು ಕೇಳಿದೆ. ಅವರು ಬಹಳ ಹೊತ್ತು ಪುಸ್ತಕದ ಅಂಚನ್ನು ಮಡಚುತ್ತ ಕುಳಿತರು.

"ಮೇಡಂ, ಎರಡು ಗಂಟೆ ಕಳೆದ ಮೇಲೆ ಒಂದು ಕರೆ ಬಂದುಬಿಡಲಿ ಅಂತ ಕಾಯ್ತೇನೆ. ಬಂದು ಹೋದ್ರೆ ಮತ್ತೆ ಮಲಗ್ಬಹುದು. ಆದ್ರೆ ಕರೆ ಬರ್ಬೇಕಾದ್ರೆ ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆಗ್ಬೇಕಲ್ಲ?"

ಅಷ್ಟು ಹೇಳಿ ಅತ್ತರು. ತಾನು ಕೆಟ್ಟವನಾಗಿಬಿಟ್ಟೆ ಎಂಬ ಭಯವನ್ನು ಅವರು ಹೆಂಡತಿಗೂ ಹೇಳದೆ ಎಷ್ಟೋ ತಿಂಗಳಿಂದ ಹೊತ್ತಿದ್ದರು. ಬೇಗನೆ ಸಮಾಧಾನ ಹೇಳಿದರೆ ಅದು ಬಾಯಿ ಮುಚ್ಚಿಸಿದಂತಾಗುತ್ತದೆ ಎಂದು ನಾನು ಸುಮ್ಮನಿದ್ದೆ. ಆಮೇಲೆ ಹೇಳಿದ್ದು ಇಷ್ಟು: ನೀವು ಬಯಸಿದ್ದು ಇನ್ನೊಬ್ಬರ ಕಾಯಿಲೆಯನ್ನಲ್ಲ, ಕಾಯುವಿಕೆಯ ಕೊನೆಯನ್ನು. ನಿಮ್ಮ ತಂದೆಯ ರಾತ್ರಿಗೆ ಕೊನೆಯಿತ್ತು. ಬೆಳಗಾಗುವಾಗ ಭಾಗವತರು ಮಂಗಳ ಹಾಡಿದರೆ ಆ ದಿನದ ಆಟ ಮುಗಿಯಿತು, ಬಿಡಾರದಲ್ಲಿ ಮಲಗಿದ ಮದ್ದಳೆಗಾರರನ್ನು ಹಗಲಿನಲ್ಲಿ ಎಬ್ಬಿಸುವವರಿಲ್ಲ, ಮೇ ತಿಂಗಳ ಪತ್ತನಾಜೆ ದಿನ ಬಂದರೆ ಆ ವರ್ಷದ ತಿರುಗಾಟವೇ ಮುಗಿಯಿತು. ನಿಮ್ಮ ಫೋನಿಗೆ ಮಂಗಳವಿಲ್ಲ.

ಇದು ಬರಿಯ ಹೋಲಿಕೆಯಲ್ಲ. ಹಡಗಿನ ಎಂಜಿನಿಯರರು ಆನ್‌ಕಾಲ್ ಇರುವಾಗ ಮಲಗುವ ನಿದ್ದೆಯನ್ನು ಮಿದುಳಿನ ಅಲೆಗಳ ಮೂಲಕ ಅಳೆದ ಸ್ವೀಡನ್ನಿನ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಅವರ ಗಾಢ ನಿದ್ದೆ ಕಡಿಮೆಯಾಗಿತ್ತು, ಎದೆಬಡಿತ ಹೆಚ್ಚಿತ್ತು. ಎಚ್ಚರಿಕೆ ಗಂಟೆ ಬಾರಿಸುವ ಮೊದಲೇ ಈ ವ್ಯತ್ಯಾಸ ಕಾಣಿಸಿಕೊಂಡಿತ್ತು. ದೇಹ ಮಲಗಿರುತ್ತದೆ, ಕಿವಿ ಕಾವಲು ಕಾಯುತ್ತಿರುತ್ತದೆ. ತಾಯಿಯ ಪ್ರಶ್ನೆಗೆ ಉತ್ತರ ಇದೇ ಎಂದಾಗ ಅವರು ಮೊದಲ ಬಾರಿಗೆ ನಕ್ಕರು.

ಕೊಟ್ಟ ಸಲಹೆಗಳು ಸರಳವಾಗಿದ್ದವು. ಆಸ್ಪತ್ರೆಯ ಸಂಖ್ಯೆಗೆ ಮಾತ್ರ ಬೇರೆ ರಿಂಗಣ, ಪೂರ್ಣ ಧ್ವನಿಯಲ್ಲಿ. ಮಿಕ್ಕ ಕರೆಗಳೆಲ್ಲ ಮೌನ. ಮಲಗುವ ಮುನ್ನ ಸಹೋದ್ಯೋಗಿಯಿಂದ ಒಂದು ಪರೀಕ್ಷಾ ಕರೆ, ಆಮೇಲೆ ಫೋನು ಕೈಗೆಟುಕದ ಮೇಜಿನ ಮೇಲೆ. ಸಾಧ್ಯವಾದರೆ ಮಧ್ಯಾಹ್ನ ಸ್ವಲ್ಪ ನಿದ್ದೆ, ಸಂಜೆಯ ಬಳಿಕ ಕಾಫಿ ಬೇಡ. ಗಾಢ ನಿದ್ದೆಯಿಂದ ಎದ್ದ ಮೊದಲ ಹದಿನೈದು ಮೂವತ್ತು ನಿಮಿಷ ಮಂಪರು ಇಳಿದಿರುವುದಿಲ್ಲ. ಅವರು ಬೈಕ್ ಏರಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಯುತ್ತಿದ್ದದ್ದು ಆ ಹೊತ್ತಿನಲ್ಲೇ. ಅರ್ಧ ಗಂಟೆಯ ಗಡುವು ಇರುವವರಿಗೆ ‘ಮಂಪರು ಇಳಿಯುವವರೆಗೆ ಕಾಯಿರಿ’ ಎನ್ನುವುದು ಪೊಳ್ಳು ಮಾತು. ಆದ್ದರಿಂದ ರಾತ್ರಿ ಕರೆಗೆ ಆಸ್ಪತ್ರೆಯ ವಾಹನ ಕೊಡಬೇಕು, ಮೂರನೆಯವರೊಬ್ಬರಿಗೆ ತರಬೇತಿ ಕೊಟ್ಟು ಸರದಿಗೆ ಸೇರಿಸಬೇಕು ಎಂದು ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳಿ ಎಂದೆ.

ಈ ಕೊನೆಯ ಸಲಹೆಗೆ ನನ್ನದೇ ವೃತ್ತಿಯ ಕೆಲವರು ಆಕ್ಷೇಪಿಸಿದರು. ಆಪ್ತಸಲಹೆಗಾರರು ಮನಸ್ಸನ್ನು ನೋಡಬೇಕು, ರೋಸ್ಟರನ್ನಲ್ಲ ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಇಬ್ಬರು ಹೊರಲಾಗದ ಹೊರೆಯನ್ನು ಉಸಿರಾಟದ ಅಭ್ಯಾಸದಿಂದ ಹೊರುವಂತೆ ಕಲಿಸಿದರೆ ನಾನು ನೋಡಿಕೊಂಡದ್ದು ಆಸ್ಪತ್ರೆಯ ಅನುಕೂಲವನ್ನೇ ಹೊರತು ಆ ಮನುಷ್ಯನನ್ನಲ್ಲ. ಬೆಲ್ಜಿಯಂನ ಅಗ್ನಿಶಾಮಕರೊಬ್ಬರ ಮೊಕದ್ದಮೆಯಲ್ಲಿ, ಎಂಟು ನಿಮಿಷದೊಳಗೆ ಠಾಣೆಗೆ ತಲುಪಬೇಕೆಂಬ ಕಟ್ಟುಪಾಡಿನೊಂದಿಗೆ ಮನೆಯಲ್ಲಿ ಕಾಯುವ ಸಮಯವೂ ಕೆಲಸದ ಸಮಯವೇ ಎಂದು ಯುರೋಪಿನ ನ್ಯಾಯಾಲಯ 2018ರಲ್ಲಿ ಹೇಳಿತು. ಎಂಟು ನಿಮಿಷ ಬೇರೆ, ಅರ್ಧ ಗಂಟೆ ಬೇರೆ ಎಂದು ವಕೀಲರು ವಾದಿಸಬಹುದು. ನನ್ನೆದುರು ಕುಳಿತವರ ಕಿವಿಗೆ ಆ ವ್ಯತ್ಯಾಸ ತಿಳಿದಿರಲಿಲ್ಲ. ನಮ್ಮಲ್ಲಿ 2023ರ ವೈದ್ಯಕೀಯ ಶಿಕ್ಷಣ ನಿಯಮಾವಳಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಸಮಂಜಸವಾದ ಕೆಲಸದ ಅವಧಿ ಮತ್ತು ವಿಶ್ರಾಂತಿ ಇರಬೇಕೆನ್ನುತ್ತದೆ. ‘ಸಮಂಜಸ’ ಎಂದರೆ ಎಷ್ಟು ಗಂಟೆ ಎಂಬ ಮಾತು ಒತ್ತಟ್ಟಿಗಿರಲಿ, ತಂತ್ರಜ್ಞರು ಆ ಸಾಲಿನೊಳಗೆ ಬರುವುದೇ ಇಲ್ಲ.

ಪತ್ರ ಕೊಟ್ಟ ಎರಡು ತಿಂಗಳಿಗೆ ವಾಹನ ಬಂತು; ಮೂರನೆಯವರು ಬಂದಿಲ್ಲ. ಕೊನೆಯ ಭೇಟಿಯಲ್ಲಿ ಆ ಹಳೆಯ ಬಯಕೆ ಈಗಲೂ ಇದೆಯೇ ಎಂದು ಕೇಳಿದೆ. "ಬರ್ತದೆ ಮೇಡಂ," ಎಂದರು, "ಆದ್ರೆ ಅದು ಏನೂಂತ ಗೊತ್ತಲ್ಲ. ಎದ್ದು ಫೋನ್ ನೋಡುವುದಿಲ್ಲ, ಮಗ್ಗುಲು ತಿರುಗ್ತೇನೆ."