ಬೈದ ಮರುದಿನ ಆಟ ಸುಧಾರಿಸೋದು ಯಾಕೆ?

ಓದುಗರ ಪತ್ರ: "12 ವರ್ಷದಿಂದ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತಿದ್ದೇನೆ. ಚೆನ್ನಾಗಿ ಆಡಿದ ಮಗುವನ್ನು ಹೊಗಳಿದರೆ ಮರುದಿನ ಆಟ ಕೆಡುತ್ತದೆ. ಕೆಟ್ಟದಾಗಿ ಆಡಿದವನಿಗೆ ಬೈದರೆ ಮರುದಿನ ಸುಧಾರಿಸುತ್ತದೆ. ಇದು ನಾನು ಕಣ್ಣಾರೆ ಕಂಡದ್ದು. ನೀವು ಮಾತ್ರ ಪತ್ರಿಕೆಯಲ್ಲಿ ಬೈಯಬೇಡಿ, ಬೆನ್ನು ತಟ್ಟಿ ಅಂತ ಬರೆಯುತ್ತಲೇ ಇದ್ದೀರಿ. ಕೋರ್ಟಿನಲ್ಲಿ ನಿಂತವನ ಅನುಭವ ದೊಡ್ಡದೋ, ಕುರ್ಚಿಯಲ್ಲಿ ಕೂತವರ ಬರಹ ದೊಡ್ಡದೋ?"

ಸಂಪಾದಕರ ಉತ್ತರ:

ಮೇಷ್ಟ್ರೇ,

ಕುರ್ಚಿಯ ಮಾತು ಸ್ವಲ್ಪ ಚುಚ್ಚಿತು. ಆದರೂ ಪತ್ರ ಇಷ್ಟವಾಯಿತು. ಮೊದಲೇ ಒಪ್ಪಿಕೊಳ್ಳುತ್ತೇನೆ, ನೀವು ಕಂಡದ್ದು ಸುಳ್ಳಲ್ಲ. ಬೈದ ಮರುದಿನ ಆಟ ಏರುತ್ತದೆ, ಹೊಗಳಿದ ಮರುದಿನ ಇಳಿಯುತ್ತದೆ. ನನ್ನ ತಕರಾರು ಇರೋದು ಅದರ ಕೀರ್ತಿ ಬೈಗುಳಕ್ಕೆ ಸಲ್ಲಬೇಕಾ ಅನ್ನೋದರಲ್ಲಿ.

ನಿಮ್ಮದೇ ಮಾತನ್ನು ಹೆಚ್ಚುಕಡಿಮೆ ಹೀಗೇ ಹೇಳಿದ ಇನ್ನೊಬ್ಬರಿದ್ದರು. ಇಸ್ರೇಲಿನ ವಾಯುಪಡೆಯಲ್ಲಿ ಹುಡುಗರಿಗೆ ವಿಮಾನ ಹಾರಿಸೋದು ಕಲಿಸುತ್ತಿದ್ದವರು. ಅವರ ಎದುರು ನಿಂತು ಪಾಠ ಹೇಳುತ್ತಿದ್ದವರು ಡೇನಿಯಲ್ ಕಾನೆಮನ್, ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ. ಕಾನೆಮನ್ ವಾದಕ್ಕೆ ಇಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದರು. ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಂತು, ನೋಡದೆ, ಒಂದಾದ ಮೇಲೊಂದು ಎರಡು ನಾಣ್ಯ ಎಸೆಯಬೇಕು. ಮೊದಲನೆಯದು ಗುರುತಿನ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯ ನಾಣ್ಯ ದೂರ ಹೋಯಿತು. ಮೊದಲು ದೂರ ಎಸೆದವರದು ಹತ್ತಿರ ಬಂತು. ಅಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ, ಹೊಗಳಿರಲೂ ಇಲ್ಲ.

ಮಗುವಿನ ಒಂದು ದಿನದ ಆಟದಲ್ಲೂ ಈ ನಾಣ್ಯ, ಅಂದರೆ ಅದೃಷ್ಟ, ಒಂದಿಷ್ಟು ಇದ್ದೇ ಇರುತ್ತದೆ. ಹಿಂದಿನ ರಾತ್ರಿಯ ನಿದ್ದೆ, ಎದುರಾಳಿಯ ಮೂಡು, ನೆಟ್‌ಗೆ ತಾಗಿ ಆಚೆ ಬಿದ್ದ ಎರಡು ಶಟಲ್, ಹೀಗೆ. ನೀವು ಬೈಯೋದು ಯಾವತ್ತು? ಆಟ ಪಾತಾಳಕ್ಕೆ ಇಳಿದ ದಿನ. ಅಲ್ಲಿಂದ ಮಾರನೇ ದಿನ ಅದು ತನ್ನ ಎಂದಿನ ಮಟ್ಟಕ್ಕೆ ಬರೋದು ಸಹಜ. ನೀವು ಸುಮ್ನೆ ಮನೆಗೆ ಹೋಗಿದ್ದರೂ ಬರುತ್ತಿತ್ತು. ಹೊಗಳೋದು ಆಟ ಶಿಖರಕ್ಕೆ ಏರಿದ ದಿನ, ಅಲ್ಲಿಂದ ಇಳಿಯದೆ ಎಲ್ಲಿಗೆ ಹೋಗಬೇಕು ಹೇಳಿ.

ಇಲ್ಲಿ ಒಂದು ತಮಾಷೆ ಇದೆ, ಕೋಪ ಮಾಡಿಕೊಳ್ಳಬೇಡಿ. 1898ರಲ್ಲಿ ಥಾರ್ನ್‌ಡೈಕ್ ಅನ್ನೋ ಅಮೆರಿಕದವರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿ ತಿಂಡಿಯನ್ನು ಹೊರಗೆ ಇಟ್ಟರು. ಬೆಕ್ಕು ಪರಚಿ, ಕಚ್ಚಿ, ಒದ್ದಾಡಿ ಹೇಗೋ ಒಮ್ಮೆ ಸರಿಯಾದ ದಾರ ಎಳೆಯುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಮತ್ತೆ ಮತ್ತೆ ಕೂಡಿಹಾಕಿದಂತೆ ಬೇರೆ ಒದ್ದಾಟವೆಲ್ಲ ಕಡಿಮೆಯಾಗಿ ದಾರ ಎಳೆಯೋದೊಂದೇ ಉಳಿಯುತ್ತದೆ. ಯಾವುದರ ಬೆನ್ನಿಗೆ ಹಿತ ಸಿಗುತ್ತದೋ ಅದು ಅಂಟಿಕೊಳ್ಳುತ್ತದೆ, ಅಷ್ಟೇ ಲೆಕ್ಕ. ಈಗ ನಿಮ್ಮ 12 ವರ್ಷ ನೋಡಿ. ಬೈದಾಗಲೆಲ್ಲ ಮರುದಿನ ಒಳ್ಳೆ ಆಟದ ಬಹುಮಾನ, ಹೊಗಳಿದಾಗಲೆಲ್ಲ ನಿರಾಸೆ. ಮಕ್ಕಳು ಏನು ಕಲಿತರೋ ಗೊತ್ತಿಲ್ಲ, ನೀವು ಮಾತ್ರ ಬೈಯೋದನ್ನು ಚೆನ್ನಾಗಿ ಕಲಿತಿದ್ದೀರಿ, ಅಲ್ವಾ?

ಹಾಗಂತ ಬೈಗುಳದಿಂದ ಏನೂ ಆಗಲ್ಲ ಅಂತಲ್ಲ. ಆಗುತ್ತೆ, ಆದರೆ ನೀವು ನೋಡದ ಕಡೆ ಆಗುತ್ತೆ. ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿ ಎಲ್ಲರಿಗೂ ಗೊತ್ತು. ಆತನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಜೊಲ್ಲಿನ ವಿಷಯ ಆ ಕೆಲಸದ ನಡುವೆ ಕಣ್ಣಿಗೆ ಬಿದ್ದದ್ದು: ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವನನ್ನು ಕಂಡರೇ ಜೊಲ್ಲು. ಆ ನಾಯಿಗೆ ಯಾರೂ ಅದನ್ನು ಕಲಿಸಲು ಕೂತಿರಲಿಲ್ಲ. ನೀವು ಸರ್ವ್ ಕಲಿಸುತ್ತಿರುವ ಹೊತ್ತಿಗೇ ಮಗುವಿನ ಮೈ ಇನ್ನೊಂದು ಪಾಠವನ್ನು ತಾನೇ ಕಲಿಯುತ್ತಿರುತ್ತದೆ. ನಿಮ್ಮ ಶಿಳ್ಳೆ, ನಿಮ್ಮ ದನಿ, ಕೋರ್ಟಿನ ಬಿಳಿ ಗೆರೆ, ಇವುಗಳ ಜೊತೆ ಏನು ಅಂಟಿಕೊಂಡಿದೆ ಅನ್ನೋದು ಆ ಪಾಠ.

ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಅಲ್ಲಿ ಒಬ್ಬ ಹಿರಿಯರು. ತಪ್ಪು ಸಿಕ್ಕರೆ ಹಾಳೆಯನ್ನು ಎತ್ತಿ ಹಿಡಿದು, "ಈ ಮಹಾಪ್ರಾಣದ ಹೊಟ್ಟೆ ಸೀಳೋರು ಯಾರಪ್ಪ, ನಿಮ್ಮ ತಾತನಾ?" ಅಂತ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ನಾನು ಕಲಿತದ್ದು ಏನು ಗೊತ್ತಾ? ಅವರ ಚಪ್ಪಲಿಯ ಸದ್ದು. ಸದ್ದು ಹತ್ತಿರ ಬಂದರೆ ಕಣ್ಣು ಒಂದೇ ಸಾಲಿನ ಮೇಲೆ ಮೂರು ಸಲ ಓಡುತ್ತಿತ್ತು, ಒಂದು ಅಕ್ಷರವೂ ಒಳಗೆ ಇಳಿಯುತ್ತಿರಲಿಲ್ಲ. ಅನುಮಾನ ಇದ್ದ ಹಾಳೆಯನ್ನು ಮೆಲ್ಲಗೆ ಪಕ್ಕದವನ ಕಟ್ಟಿಗೆ ಸೇರಿಸೋದನ್ನೂ ಕಲಿತೆ, ಅದರಲ್ಲಂತೂ ಪಳಗಿಬಿಟ್ಟಿದ್ದೆ. ಅವರು ರಜೆ ಹಾಕಿದ ವಾರ ನನ್ನ ತಪ್ಪು ಕಡಿಮೆ. ಅವರಿಗೆ ಅದು ಗೊತ್ತಾಗೋದು ಹೇಗೆ, ಅವರು ಇರಲಿಲ್ಲವಲ್ಲ!

ರಾಕೆಟ್ ಬೀಸಿ ಪಕ್ಕದವನ ಮೂಗು ಒಡೆಯಲು ಹೊರಟ ಹುಡುಗನಿಗೂ ಕೂಗಬೇಡಿ ಅಂತ ನಾನು ಹೇಳುತ್ತಿಲ್ಲ. ಮಣಿಕಟ್ಟು ಬೇಗ ತಿರುಗಿತು ಅಂತ ಹೇಳೋದು ಬೈಗುಳವೂ ಅಲ್ಲ, ಅದು ಸುದ್ದಿ, ಮಗುವಿಗೆ ಬೇಕಾದದ್ದು. ಬೆನ್ನು ತಟ್ಟೋದೂ ಎಲ್ಲ ರೋಗಕ್ಕೆ ಮದ್ದಲ್ಲ. ಚಿತ್ರ ಬರೆಯೋದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬರೆದರೆ ಬಹುಮಾನ ಅಂತ ಮೊದಲೇ ಹೇಳಿ ಕೊಟ್ಟರೆ ಆಮೇಲೆ ತಾವಾಗಿ ಬರೆಯೋದು ಕಡಿಮೆಯಾಯಿತು ಅಂತ 1973ರಲ್ಲೇ ತೋರಿಸಿದ್ದಾರೆ. ನಮ್ಮ ಪತ್ರಿಕೆ ಅದನ್ನು ಅಷ್ಟಾಗಿ ಬರೆದಿಲ್ಲ, ಆ ತಪ್ಪು ನಮ್ಮದು.

ಇಷ್ಟಕ್ಕೂ ಇವತ್ತು ಕಣ್ಣೆದುರು ಕಂಡ ಆಟದಿಂದ ಕಲಿಕೆಯನ್ನು ಅಳೆಯೋದೇ ಕಷ್ಟ. ನಿಮ್ಮ ಆಟದ್ದೇ ಉದಾಹರಣೆ. 1986ರಲ್ಲಿ ಒಂದು ಪ್ರಯೋಗ ನಡೆಯಿತು, ಶಾರ್ಟ್, ಲಾಂಗ್, ಡ್ರೈವ್ ಮೂರು ಸರ್ವ್ ಕಲಿಸೋದು. ಕೆಲವರಿಗೆ ಒಂದು ದಿನ ಒಂದೇ ಬಗೆ, ಇನ್ನು ಕೆಲವರಿಗೆ ಮೂರನ್ನೂ ಕಲಸಿ. ಆಮೇಲೆ ಪರೀಕ್ಷೆ ಇಟ್ಟಾಗ ಕಲಸಿ ಕಲಿತವರದೇ ಮೇಲುಗೈ. ಇಂಥ ಬೇರೆ ಪ್ರಯೋಗಗಳಲ್ಲಿ ಅಭ್ಯಾಸದ ಹೊತ್ತಲ್ಲಿ ಜಾಣರಂತೆ ಕಾಣೋದು ಒಂದನ್ನೇ ತಿಕ್ಕುವವರು, ಕಲಸಿ ಮಾಡುವವರು ಎಡವುತ್ತಲೇ ಇರುತ್ತಾರೆ. ಬದಿಯಲ್ಲಿ ನಿಂತ ನಿಮಗೆ ಆ ಎಡವೋದೇ ಕಾಣೋದು, ಬೈಗುಳ ಬೀಳೋದೂ ಅದಕ್ಕೇ. ಕಲಿಯೋರಿಗೂ ಇದು ತಿಳಿಯಲ್ಲ. ಬ್ರಿಟನ್ನಿನ ಅಂಚೆಯವರಿಗೆ ಟೈಪಿಂಗ್ ಕಲಿಸಿದ 1978ರ ಅಧ್ಯಯನದಲ್ಲಿ ದಿನಕ್ಕೆ ಒಂದೇ ಗಂಟೆ ಕೂತವರು, ನಾಲ್ಕು ಗಂಟೆ ಕೂತವರಿಗಿಂತ ಒಟ್ಟು ಕಡಿಮೆ ಗಂಟೆಯಲ್ಲಿ ಕಲಿತರು. ಆದರೂ ಅಸಮಾಧಾನ ಜಾಸ್ತಿ ಇದ್ದದ್ದು ಅವರಿಗೇ.

ಹಾಗಾಗಿ ನನ್ನ ಬರಹವನ್ನೂ ನಂಬಬೇಡಿ. ಒಂದು ನೋಟ್ ಪುಸ್ತಕ, ಒಂದು ನಾಣ್ಯ ತೆಗೆದುಕೊಳ್ಳಿ. ಮಗು ಹದಗೆಟ್ಟು ಆಡಿದ ದಿನ ನಾಣ್ಯ ಚಿಮ್ಮಿ. ತಲೆ ಬಿದ್ದರೆ ಎಂದಿನಂತೆ ಬೈಯಿರಿ, ಬಾಲ ಬಿದ್ದರೆ ಬಾಯಿ ಬಿಡಬೇಡಿ. 20 ಸರ್ವ್‌ನಲ್ಲಿ ಎಷ್ಟು ಒಳಗೆ ಬಿತ್ತು ಅಂತ ಅವತ್ತೂ ಬರೆದಿಡಿ, ಮರುದಿನವೂ ಬರೆದಿಡಿ, ಮೂರು ವಾರ ಬಿಟ್ಟು ಇನ್ನೊಂದು ಸಲ ಎಣಿಸಿ. ಒಂದು ಕಾಲಂ ಜಾಸ್ತಿ ಎಳೆದು, ನೀವು ಕೋರ್ಟಿಗೆ ಬರದ ದಿನದ ಲೆಕ್ಕವನ್ನು ಬೇರೆ ಯಾರಿಂದಾದರೂ ಬರೆಸಿ.

ಪುಸ್ತಕ ತುಂಬಿದ ಮೇಲೆ ಕಳಿಸಿ. ಬೈಗುಳವೇ ಗೆದ್ದಿದ್ದರೆ ಇದೇ ಪುಟದಲ್ಲಿ, ಇಷ್ಟೇ ಉದ್ದಕ್ಕೆ ಅಚ್ಚು ಹಾಕುತ್ತೇನೆ. ನಾಣ್ಯವನ್ನು ಮಾತ್ರ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಚಿಮ್ಮಿ.