ಓದುಗರ ಪ್ರಶ್ನೆ: ಗಾಮಾ ಪೀಕ್‌ಗಳಿಂದ ಶಕ್ತಿಮಟ್ಟ ಗುರುತಿಸುವುದು ಹೇಗೆ?

ಪ್ರಶ್ನೆ: ಜರ್ಮೇನಿಯಂ ಡಿಟೆಕ್ಟರ್‌ನಲ್ಲಿ ಬೇರಿಯಂ-133 ಸೋರ್ಸ್‌ನ ರೋಹಿತ (ಯಾವ ಶಕ್ತಿಯ ಗಾಮಾ ಎಷ್ಟು ಬಂತು ಎಂಬ ನಕ್ಷೆ) ತೆಗೆದೆವು. 53.16, 79.61, 81.00, 160.61, 223.24, 276.40, 302.85, 356.01, 383.85 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ), ಹೀಗೆ ಒಂಬತ್ತು ಗಾಮಾ ಪೀಕ್ ಸಿಕ್ಕವು. ಅಂದರೆ ಕ್ಷಯದಿಂದ ಉಂಟಾಗುವ ಮಗಳು ನ್ಯೂಕ್ಲಿಯಸ್ ಸೀಸಿಯಂ-133ಕ್ಕೆ ಒಂಬತ್ತು ಶಕ್ತಿಮಟ್ಟಗಳಿವೆಯೇ? ಸೋರ್ಸನ್ನು ತೀರಾ ಹತ್ತಿರ ಇಟ್ಟಾಗ 437ರ ಬಳಿಯೂ ಒಂದು ಪುಟ್ಟ ಪೀಕ್ ಕಂಡಿತು. ಅದು ಏನು?

ಉತ್ತರ: ಒಂಬತ್ತಲ್ಲ. ಈ ಕ್ಷಯದಲ್ಲಿ ಕಾಣುವುದು ತಳಮಟ್ಟದ ಮೇಲೆ ನಾಲ್ಕೇ ಮಟ್ಟ. ಪೀಕ್ ಹೇಳುವುದು ಎರಡು ಮಟ್ಟಗಳ ನಡುವಿನ ಅಂತರವನ್ನು, ಮಟ್ಟವನ್ನಲ್ಲ. ಇದು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನ ಹೆಜ್ಜೆ ಬರೀ ಕೂಡುವ ಲೆಕ್ಕ.

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳಿ. 302.85ಕ್ಕೆ 81.00 ಕೂಡಿಸಿದರೆ 383.85, ಆ ಪೀಕ್ ಪಟ್ಟಿಯಲ್ಲೇ ಇದೆ. 223.24 ಮತ್ತು 160.61 ಕೂಡಿದರೂ ಅಷ್ಟೇ ಬರುತ್ತದೆ. 79.61 ಮತ್ತು 81.00 ಸೇರಿದರೆ 160.61. ಇನ್ನು 356.01 + 81.00, 276.40 + 160.61, 53.16 + 383.85, ಈ ಮೂರೂ 437.01ಕ್ಕೆ ಬಂದು ನಿಲ್ಲುತ್ತವೆ. ಹಾಗಾಗಿ ಮಟ್ಟಗಳು 81.00, 160.61, 383.85, 437.01. ತಳವೂ ಸೇರಿ ಐದು ಮಟ್ಟಗಳ ನಡುವೆ ಹತ್ತು ಜಿಗಿತ ಸಾಧ್ಯ. ಒಂಬತ್ತು ನಿಮಗೆ ಸಿಕ್ಕಿವೆ. ಸಿಗದೇ ಇರುವುದು 437ರಿಂದ ನೇರ ತಳಕ್ಕೆ ಇಳಿಯುವ ಜಿಗಿತ. ಮೇಲಿನ ಮಟ್ಟದ ಸ್ಪಿನ್ (ಅದರ ಕೋನೀಯ ಸಂವೇಗ) 1/2, ತಳದ್ದು 7/2. ಒಂದೇ ಗಾಮಾ ಕನಿಷ್ಠ 3 ಮಾನದಷ್ಟು ಕೋನೀಯ ಸಂವೇಗ ಹೊತ್ತು ಹೋಗಬೇಕು. ಅಂಥ ಜಿಗಿತ ಬಲು ನಿಧಾನ. ಅಷ್ಟರೊಳಗೆ ನ್ಯೂಕ್ಲಿಯಸ್ ಬೇರೆ ದಾರಿಯಲ್ಲಿ ಇಳಿದಿರುತ್ತದೆ.

ಹಾಗಾದರೆ ನೀವು ಕಂಡ 437? ಅದು ಮೊತ್ತದ ಪೀಕ್. 356 ಮತ್ತು 81 ಒಂದರ ಬೆನ್ನಿಗೊಂದು ಹೊರಟು ಎರಡೂ ಒಂದೇ ಡಿಟೆಕ್ಟರ್‌ಗೆ ಬಿದ್ದರೆ ಉಪಕರಣ ಅವನ್ನು ಒಂದೇ ಪಲ್ಸ್ ಎಂದು ಎಣಿಸುತ್ತದೆ. ಪರೀಕ್ಷೆ ಸುಲಭ: ಸೋರ್ಸನ್ನು 25 ಸೆಂ.ಮೀ. ದೂರ ಸರಿಸಿ, 437ರ ವಿಸ್ತೀರ್ಣವನ್ನು 356ರ ವಿಸ್ತೀರ್ಣದಿಂದ ಭಾಗಿಸಿ. ನಿಜವಾದ ಗಾಮಾ ಆಗಿದ್ದರೆ ಅನುಪಾತ ಹೆಚ್ಚು ಕದಲುವುದಿಲ್ಲ. ಮೊತ್ತದ ಪೀಕ್ ಆದರೆ ಕುಸಿಯುತ್ತದೆ. ಇದನ್ನು ನೋಡದೆ ಮಟ್ಟಚಿತ್ರ ಬರೆಯಬೇಡಿ.

ಇನ್ನೊಂದು ಎಚ್ಚರಿಕೆ. ಕೂಡುವ ಲೆಕ್ಕಕ್ಕೆ ಬೆಲೆ ಬರುವುದು ಪೀಕ್‌ನ ಸ್ಥಾನ 0.1 ಕೆಇವಿ ಆಸುಪಾಸಿನಲ್ಲಿ ಗೊತ್ತಿದ್ದಾಗ ಮಾತ್ರ. ಸೋಡಿಯಂ ಅಯೋಡೈಡ್ ಹರಳಿನಲ್ಲಿ 79.61 ಮತ್ತು 81.00 ಒಂದೇ ಗುಡ್ಡ. 356 ಮತ್ತು 384 ಕೂಡ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಯಾವ ಮೊತ್ತ ಬೇಕಾದರೂ ಹೊಂದಿಬಿಡುತ್ತದೆ.

ಪ್ರಶ್ನೆ: ಮೊತ್ತ ಆಕಸ್ಮಿಕವಾಗಿ ಹೊಂದಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಎರಡು ಡಿಟೆಕ್ಟರ್ ಇಟ್ಟು ಕೋಇನ್ಸಿಡೆನ್ಸ್, ಅಂದರೆ ಎರಡಕ್ಕೂ ಒಂದೇ ಹೊತ್ತಿಗೆ ಬೀಳುವ ಗಾಮಾ ಜೋಡಿಗಳನ್ನು, ನೋಡಬೇಕು. ಮೊದಲನೆಯದರಲ್ಲಿ 356ರ ಮೇಲೆ ಗೇಟ್ ಹಾಕಿದರೆ (ಆ ಪೀಕ್ ಬಂದ ಹೊತ್ತಿನ ಎಣಿಕೆಗಳನ್ನಷ್ಟೇ ಆರಿಸಿದರೆ) ಎರಡನೆಯದರಲ್ಲಿ 81 ಎದ್ದು ಕಾಣಬೇಕು. 53 ಮತ್ತು 303 ಮಾಯವಾಗಬೇಕು. ಗೇಟ್ 303ರ ಮೇಲೆ ಇದ್ದರೆ 53 ಮತ್ತು 81 ಎರಡೂ ಬರಬೇಕು. ಪೀಕ್‌ನ ಪಕ್ಕದ ಸಮತಟ್ಟು ಭಾಗಕ್ಕೂ ಅಷ್ಟೇ ಅಗಲದ ಗೇಟ್ ಹಾಕಿ, ಬಂದದ್ದನ್ನು ಕಳೆಯಿರಿ. ಇಲ್ಲದಿದ್ದರೆ ಪೀಕ್‌ನ ಅಡಿಯಲ್ಲಿರುವ ಕಾಂಪ್ಟನ್ ಹಿನ್ನೆಲೆ (ಚದುರಿ, ಶಕ್ತಿಯ ಒಂದು ಪಾಲನ್ನಷ್ಟೇ ಬಿಟ್ಟುಹೋದ ಗಾಮಾಗಳ ಎಣಿಕೆ) ಸುಳ್ಳು ಸಂಬಂಧಗಳನ್ನು ತೋರಿಸುತ್ತದೆ.

ಪ್ರಬಲ ಸೋರ್ಸ್ ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಜೋಡಿಗಳು ಸೋರ್ಸ್‌ನ ಬಲಕ್ಕೆ ತಕ್ಕಂತೆ ಏರಿದರೆ, ಆಕಸ್ಮಿಕ ಜೋಡಿಗಳು ಅದರ ವರ್ಗಕ್ಕೆ ತಕ್ಕಂತೆ ಏರುತ್ತವೆ. ಎರಡು ಪಲ್ಸ್ ಬಂದರೆ ಜೋಡಿ ಎಂದು ಎಣಿಸುವ ಸಮಯದ ಕಿಟಕಿ ಒಟ್ಟು 200 ನ್ಯಾನೋ ಸೆಕೆಂಡ್ ಇದ್ದು ಎರಡೂ ಕಡೆ ಸೆಕೆಂಡಿಗೆ 1,000 ಎಣಿಕೆ ಇದ್ದರೆ ಆಕಸ್ಮಿಕ ಜೋಡಿ ಸೆಕೆಂಡಿಗೆ 0.2. ಎಣಿಕೆ 10,000 ಆದರೆ ಅದು 20. ದುರ್ಬಲ ಸೋರ್ಸ್, ದೀರ್ಘ ಅವಧಿ, ಇದೇ ಸರಿಯಾದ ದಾರಿ. ಡಿಟೆಕ್ಟರ್‌ಗಳನ್ನು ಎದುರುಬದುರು ಇಡದೆ 90 ಡಿಗ್ರಿಯಲ್ಲಿಟ್ಟು ನಡುವೆ ಸೀಸದ ತಡೆ ಕೊಡಿ. ಒಂದರಲ್ಲಿ ಚದುರಿದ ಗಾಮಾ ಇನ್ನೊಂದಕ್ಕೆ ನುಗ್ಗಬಾರದು.

ಪ್ರಶ್ನೆ: ಕೋಬಾಲ್ಟ್-60ರಲ್ಲಿ 1173 ಕೆಇವಿ ಗಾಮಾ ಮೊದಲು, 1332 ಆಮೇಲೆ ಎನ್ನುತ್ತಾರೆ. ನಮ್ಮ ರೋಹಿತದಲ್ಲಿ ಇದಕ್ಕೆ ಪುರಾವೆ ಎಲ್ಲಿದೆ?

ಉತ್ತರ: ಆ ರೋಹಿತದಲ್ಲಿ ಇಲ್ಲ. ಮೊತ್ತ 2505.7 ಎಂದಷ್ಟೇ ಅದು ಹೇಳಬಲ್ಲದು. ಕೋಇನ್ಸಿಡೆನ್ಸ್ ಕೂಡ ಕ್ರಮವನ್ನು ಹೇಳುವುದಿಲ್ಲ. ಮಗಳು ನಿಕಲ್-60ರ ಕೆಳಗಿನ ಮಟ್ಟಕ್ಕೆ ಬೀಟಾ ಕ್ಷಯದಿಂದ ನೇರವಾಗಿಯೂ ಸುಮಾರು 0.12% ಬರುವುದರಿಂದ 1332ರ ತೀವ್ರತೆ ಕೂದಲೆಳೆಯಷ್ಟು ಹೆಚ್ಚು. ಆದರೆ ಡಿಟೆಕ್ಟರ್‌ನ ದಕ್ಷತೆ ಶಕ್ತಿ ಏರಿದಂತೆ ಇಳಿಯುತ್ತದೆ, ಹಾಗಾಗಿ ನಿಮ್ಮ ತೆರೆಯ ಮೇಲೆ 1173ರ ಪೀಕೇ ದೊಡ್ಡದು. ದಕ್ಷತೆಯ ತಿದ್ದುಪಡಿಯಲ್ಲೇ 1-2% ದೋಷ ಉಳಿಯುವಾಗ 0.12% ಹಿಡಿಯಲಾಗದು.

ತೀರ್ಮಾನ ಬರುವುದು ಬೇರೆ ಕ್ಷಯದಿಂದ. ಸುಮಾರು 10.5 ನಿಮಿಷ ಅರ್ಧಾಯುವಿನ ಕೋಬಾಲ್ಟ್-60ಎಂ ಐಸೋಮರ್ (ಹೆಚ್ಚಿನ ಶಕ್ತಿಯಲ್ಲಿ ಕೆಲಕಾಲ ನಿಲ್ಲುವ ಅದೇ ನ್ಯೂಕ್ಲಿಯಸ್) ಬಹುಪಾಲು 58.6 ಕೆಇವಿ ಜಿಗಿತದಿಂದ ಕೋಬಾಲ್ಟ್-60 ಆಗುತ್ತದೆ, ಸುಮಾರು 0.25% ಮಾತ್ರ ಬೀಟಾ ಕ್ಷಯದಿಂದ ನಿಕಲ್-60ಕ್ಕೆ ಹೋಗುತ್ತದೆ. ಆ ದಾರಿಯಲ್ಲಿ 1332, ಜೊತೆಗೆ 1173 ಇಲ್ಲದೆಯೇ ಬರುತ್ತದೆ. ಒಂಟಿಯಾಗಿ ಬರಬಲ್ಲದ್ದು ಕೆಳಗಿನ ಮೆಟ್ಟಿಲೇ.

ಪ್ರಶ್ನೆ: ಸೀಸಿಯಂ-137ರ ಕ್ಷಯದಲ್ಲಿ 94.4% ಪಾಲು ಮಗಳು ಬೇರಿಯಂ-137ರ 661.7 ಕೆಇವಿ ಮಟ್ಟಕ್ಕೆ ಹೋಗುತ್ತದೆ, ಗಾಮಾ ಮಾತ್ರ 85.1%. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ಆಂತರಿಕ ಪರಿವರ್ತನೆಗೆ. ನ್ಯೂಕ್ಲಿಯಸ್ ಗಾಮಾ ಹೊರಸೂಸದೆ ಆ ಶಕ್ತಿಯನ್ನು ಪರಮಾಣುವಿನ ಎಲೆಕ್ಟ್ರಾನ್‌ಗೆ ನೇರವಾಗಿ ಕೊಡುತ್ತದೆ. ಅತಿ ಒಳಗಿನ ಕೆ-ಕವಚದ ಎಲೆಕ್ಟ್ರಾನ್ 624 ಕೆಇವಿಯಲ್ಲಿ ಹೊರಬೀಳುತ್ತದೆ. ಖಾಲಿಯಾದ ಜಾಗ ತುಂಬುವಾಗ ಬೇರಿಯಂನ ಎಕ್ಸ್-ಕಿರಣ ಬರುತ್ತದೆ. ರೋಹಿತದ ಎಡತುದಿಯಲ್ಲಿ 32ರ ಬಳಿ ಕಾಣುವುದು ಅದೇ. ಯಾವ ಮಟ್ಟಕ್ಕಾದರೂ ಒಳಹರಿವು, ಹೊರಹರಿವಿನ ಲೆಕ್ಕ ಹಾಕುವಾಗ ಈ ಎಲೆಕ್ಟ್ರಾನ್‌ಗಳನ್ನೂ ಸೇರಿಸಿ. ಶಕ್ತಿ ಕಡಿಮೆಯಾದಷ್ಟೂ ಅವುಗಳ ಪಾಲು ಹೆಚ್ಚು; ಬೇರಿಯಂ-133ರ 81ರಲ್ಲಿ ಗಾಮಾಗಿಂತ ಅವೇ ಹೆಚ್ಚು.