ಕೊಡಗಿನ ತೋಟದ ಮನೆಯಲ್ಲಿ ಆಗಷ್ಟೇ ನಡೆಯಲು ಕಲಿತ ಮಗುವಿಗೆ ಪೆಟ್ಟಾಗದಂತೆ ಏನೇನು ನೋಡಿಕೊಳ್ಳಬೇಕು?

ಮೊದಲು ಬಚ್ಚಲುಮನೆ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಹಂಡೆ ಒಲೆ ಆರುವುದೇ ಕಡಿಮೆ, ಅಲ್ವಾ? ಬಕೆಟ್‌ಗೆ ತಣ್ಣೀರು ಹಾಕಿದ ಮೇಲೆಯೇ ಬಿಸಿನೀರು ಹಾಕಿ. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರು ಬಿಡಿ. ಟೂತ್‌ಪೇಸ್ಟ್ ಬೇಡವೇ ಬೇಡ.

ನನಗೆ ಜಾಸ್ತಿ ಭಯ ತೋಟಕ್ಕೆ ಹೊಡೆಯುವ ಕೀಟನಾಶಕ ಔಷಧಿಯದ್ದು. ಉಳಿದ ಔಷಧಿಯನ್ನು ಕೆಲವರು ಜ್ಯೂಸ್ ಬಾಟಲಿಯಲ್ಲಿ ತುಂಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರದೇ ಡಬ್ಬಿಯಲ್ಲಿಟ್ಟು ಕೋಣೆಗೆ ಬೀಗ ಹಾಕಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಆ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ತೋಟದ ಕೆರೆಗೆ ಬೇಲಿ ಹಾಕಿಸಿ. ಚಳಿ ಅಂತ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ.